ಅರ್ಬುದವೆಂಬ ಗಡ್ಡೆ, ಅರ್ಬುದವೆಂಬ ಸಂಖ್ಯೆ

‘ಅರ್ಬುದ’ವೆಂಬ ಸಂಸ್ಕೃತ ಶಬ್ದಕ್ಕೆ ಎರಡರ್ಥಗಳುಂಟು: ಸುಶ್ರುತನಲ್ಲಿ ಅದು ಮೈಯೊಳಗೆ ಬೆಳೆವ ಗಡ್ಡೆ, ಆರ್ಯಭಟನಲ್ಲಿ ಹತ್ತು ಕೋಟಿ. ವೈದ್ಯನೂ ಗಣಿತಜ್ಞನೂ ಒಂದೇ ಮಾತನ್ನು ಹಂಚಿಕೊಂಡದ್ದು ಕೇವಲ ಆಕಸ್ಮಿಕವಿರಬಹುದಾದರೂ, ಸಣ್ಣ ಕರುಳಿನ ಕ್ಯಾನ್ಸರಿಗೆ ಕಾರಣವೇನೆಂದು ನೂರಕ್ಕೂ ಮಿಕ್ಕ ವರ್ಷಗಳಿಂದ ಅರಸುತ್ತ ಬಂದ ವಿದ್ಯೆಯ ಚರಿತ್ರೆಯನ್ನು ನೋಡಿದವನಿಗೆ, ಮೊದಲನೆಯ ಅರ್ಬುದದ ಗುಟ್ಟು ಎರಡನೆಯದರಲ್ಲಿ ಅಡಗಿದೆಯೆಂದು ತೋರದಿರದು.

ಸಣ್ಣ ಕರುಳು ಸುಮಾರು ಆರು ಮೀಟರಿನಷ್ಟು ಉದ್ದ. ಜೀರ್ಣಮಾರ್ಗದ ಮುಕ್ಕಾಲು ಪಾಲು ಅದೇ. ಆದರೂ ಜೀರ್ಣಾಂಗಗಳಲ್ಲಿ ಹುಟ್ಟುವ ಕ್ಯಾನ್ಸರುಗಳ ಪೈಕಿ ನೂರಕ್ಕೆ ಐದನ್ನೂ ಅದು ಮುಟ್ಟದು. ಉಂಡದ್ದು ದ್ರವವಾಗಿ ಬೇಗ ಸಾಗಿಹೋಗುವುದರಿಂದಲೋ, ಅಲ್ಲಿ ಸೂಕ್ಷ್ಮಜೀವಿಗಳ ಸಾಂದ್ರತೆ ಕಡಿಮೆಯಿರುವುದರಿಂದಲೋ, ಒಳಪದರವು ಕೆಲವೇ ದಿನಗಳಿಗೊಮ್ಮೆ ಹಳತನ್ನುದುರಿಸಿ ಹೊಸತಾಗುವುದರಿಂದಲೋ ಈ ರಕ್ಷಣೆಯೆಂಬುದು ಇಂದಿಗೂ ಊಹೆಯ ಮಾತು. ಇಷ್ಟು ವಿರಳವಾದ ಗಡ್ಡೆಗಳೂ ಒಂದೇ ಜಾತಿಯವಲ್ಲ: ಮೇಲ್ಭಾಗದ ಡುಯೋಡಿನಮ್ಮಿನಲ್ಲಿ ಹೆಚ್ಚಾಗಿ ಅಡಿನೋಕಾರ್ಸಿನೋಮ, ಕೆಳಗಿನ ಇಲಿಯಮ್ಮಿನಲ್ಲಿ ಕಾರ್ಸಿನಾಯ್ಡ್, ಇವುಗಳ ಜತೆಗೆ ಲಿಂಫೋಮ, ಜಿಸ್ಟ್ ಎಂಬ ಬಗೆಗಳು. ಒಂದರ ಕಾರಣ ಇನ್ನೊಂದಕ್ಕೆ ಒಪ್ಪುವುದಿಲ್ಲ.

ಮೊದಲ ಯುಗ ಒಂಟಿ ರೋಗಿಗಳದು. 1888ರಲ್ಲಿ ಲುಬಾರ್ಷ್ ಶವಪರೀಕ್ಷೆಯಲ್ಲಿ ಇಲಿಯಮ್ಮಿನ ಪುಟ್ಟ ಗಂಟುಗಳನ್ನು ಕಂಡನು. 1907ರಲ್ಲಿ ಒಬರ್ನ್‌ಡಾರ್ಫರ್ ಅವಕ್ಕೆ ಕಾರ್ಸಿನಾಯ್ಡ್ ಎಂದು ಹೆಸರಿಟ್ಟನು. 1913ರಲ್ಲಿ ವಾರ್ಥಿನ್ ಕೆಲವು ಮನೆತನಗಳಲ್ಲಿ ಕ್ಯಾನ್ಸರ್ ಮರುಕಳಿಸುವುದನ್ನು ಬರೆದಿಟ್ಟನು. ಲಿಂಚ್ 1966ರಲ್ಲಿ ಆ ಎಳೆಯನ್ನು ಮತ್ತೆ ಹಿಡಿದನು. ಇಂಥ ಮನೆತನದ ದೋಷವೂ, 1932ರಲ್ಲಿ ಕ್ರೋನ್ ವರ್ಣಿಸಿದ ಕರುಳಿನ ಉರಿಯೂತವೂ, ಗೋಧಿಯ ಗ್ಲೂಟೆನ್ ಒಗ್ಗದ ಸೀಲಿಯಕ್ ರೋಗವೂ ಕ್ರಮೇಣ ಅಪಾಯದ ಪಟ್ಟಿಗೆ ಸೇರಿದವು. ಇವೆಲ್ಲ ಒಬ್ಬ ವೈದ್ಯನ ನೆನಪಿಗೂ ಒಂದು ಕುಟುಂಬದ ವಂಶಾವಳಿಗೂ ಎಟುಕುವಂಥವು. ತಿನ್ನುವ ಅನ್ನ, ಕುಡಿಯುವ ಹೆಂಡ, ಸೇದುವ ಬೀಡಿ ಇವುಗಳ ಪಾತ್ರವನ್ನು ಮಾತ್ರ ಅಂಥ ನೆನಪು ಅಳೆಯಲಾರದು.

ಅಳೆಯಲು ದಾಖಲೆ ಬೇಕಾಯಿತು. ಡೆನ್ಮಾರ್ಕಿನಲ್ಲಿ 1942ರಲ್ಲಿ, ಸ್ವೀಡನ್ನಿನಲ್ಲಿ 1958ರಲ್ಲಿ, ಅಮೆರಿಕದ ‘ಸೀರ್’ ಯೋಜನೆಯಲ್ಲಿ 1973ರಲ್ಲಿ ಕ್ಯಾನ್ಸರಿನ ನೋಂದಣಿ ನಡೆಯತೊಡಗಿತು. ಸ್ವೀಡನ್ನರು ಕ್ಯಾನ್ಸರಿನ ಕಡತವನ್ನು ತಂದೆ-ತಾಯಿ-ಮಕ್ಕಳ ಕಡತದೊಡನೆ ಹೊಲಿದಾಗ, ಕಾರ್ಸಿನಾಯ್ಡ್ ಕೂಡ ಮನೆತನಗಳಲ್ಲಿ ಗುಂಪುಗೂಡುವುದು ಕಂಡಿತು. ಅಮೆರಿಕದಲ್ಲಿ 1985ರಿಂದ 2005ರವರೆಗಿನ 67,843 ರೋಗಿಗಳನ್ನು ಎಣಿಸಿದವರು, ಕಾರ್ಸಿನಾಯ್ಡ್ ಗಡ್ಡೆಯು ಅಡಿನೋಕಾರ್ಸಿನೋಮವನ್ನು ಹಿಂದಿಕ್ಕಿದುದನ್ನು ತೋರಿಸಿದರು. ಆದರೆ ರೋಗವೇ ಹೆಚ್ಚಿತೋ, ಹೊಸ ಸ್ಕ್ಯಾನುಗಳ ಕಣ್ಣು ಹೆಚ್ಚಿತೋ ಎಂಬ ಸಂಶಯ ಉಳಿದೇ ಉಳಿಯಿತು.

ಸಂಖ್ಯೆಯ ಬಡತನ ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. ಆಹಾರದ ಪ್ರಶ್ನಾವಳಿಗೆ ಉತ್ತರಿಸಿದ ಅಮೆರಿಕದ ಸುಮಾರು ಐದು ಲಕ್ಷ ಮಂದಿಯನ್ನು ಎಂಟು ವರ್ಷದವರೆಗೆ ಹಿಂಬಾಲಿಸಿದ ಸಂಶೋಧಕರಿಗೆ ದೊರೆತದ್ದು ಅರುವತ್ತು ಅಡಿನೋಕಾರ್ಸಿನೋಮ, ಎಂಬತ್ತು ಕಾರ್ಸಿನಾಯ್ಡ್. 2008ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಮಾಂಸವೇ ಕಾರಣವೆಂಬ ಆರೋಪಕ್ಕೆ ಆಧಾರ ಸಿಗಲಿಲ್ಲ. ಸ್ಯಾಚುರೇಟೆಡ್ ಕೊಬ್ಬಿಗೂ ಕಾರ್ಸಿನಾಯ್ಡಿಗೂ ನಂಟಿರುವಂತೆ ಕಂಡಿತು. ಏಷ್ಯದ ಹಲವು ದೇಶಗಳ ಐದು ಲಕ್ಷಕ್ಕೂ ಮಿಕ್ಕ ಜನರ ಲೆಕ್ಕಗಳನ್ನು ಕಲೆಹಾಕಿದ 2012ರ ವಿಶ್ಲೇಷಣೆಯಲ್ಲಿ ತಂಬಾಕಿನ ಸಂಬಂಧ ಸ್ಪಷ್ಟವಾಗಲಿಲ್ಲ, ಮದ್ಯದ ಮೇಲೆ ಅನುಮಾನ ಬಿದ್ದಿತು. ಲಕ್ಷಗಟ್ಟಲೆ ಮಂದಿಯನ್ನು ಎಣಿಸಿದರೂ ಕಡೆಗೆ ತೂಗುವುದು ಬೊಗಸೆಯಷ್ಟು ರೋಗಿಗಳನ್ನೇ ಆದುದರಿಂದ, ಅವರಲ್ಲಿ ಹತ್ತು ಮಂದಿಯ ದಾಖಲೆ ತಪ್ಪಿದರೆ ತಕ್ಕಡಿಯೇ ಓಲುವುದು.

ದೊಡ್ಡ ಲೆಕ್ಕವೇ ಯಾವಾಗಲೂ ಗೆಲ್ಲುವುದೆಂದೂ ಹೇಳಲಾಗದು. ಬಡ ದೇಶಗಳಲ್ಲಿ, ನಮ್ಮಲ್ಲಿಯೂ, ಕಾಣಬರುತ್ತಿದ್ದ ಒಂದು ಬಗೆಯ ಕರುಳಿನ ಲಿಂಫೋಮಕ್ಕೆ ಕ್ಯಾಂಪಿಲೋಬ್ಯಾಕ್ಟರ್ ಎಂಬ ಸೂಕ್ಷ್ಮಾಣುವಿನ ನಂಟನ್ನು 2004ರಲ್ಲಿ ಬೆರಳೆಣಿಕೆಯ ರೋಗಿಗಳ ಅಂಗಾಂಶದಲ್ಲಿಯೇ ಕಂಡುಹಿಡಿದರು.

ಭಾರತದಲ್ಲಿ ಜನಸಂಖ್ಯಾಧಾರಿತ ನೋಂದಣಿ ಮುಂಬಯಿಯಲ್ಲಿ 1963ರಲ್ಲಿ ಮೊದಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಯೋಜನೆ ಹುಟ್ಟಿದ್ದು 1981ರ ಕೊನೆಯಲ್ಲಿ. ಮರುವರ್ಷದ ಜನವರಿಯಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಎಣಿಸತೊಡಗಿತು. 1987ರಲ್ಲಿ ಮಹಾರಾಷ್ಟ್ರದ ಬಾರ್ಶಿ ಹಳ್ಳಿಗಾಡಿನ ಮೊದಲ ನೋಂದಣಿಯಾಯಿತು. ಈ ಪದ್ಧತಿಗೆ ಒಂದು ಕಟ್ಟುನಿಟ್ಟುಂಟು: ನೋಂದಣಿಯ ಗಡಿಯೊಳಗೆ ಒಂದು ವರ್ಷವಾದರೂ ವಾಸವಿದ್ದವನನ್ನೇ ಆ ಊರಿನವನೆಂದು ಎಣಿಸಬೇಕು. ನಿಯಮ ಸರಿಯಾದುದೇ; ಇಲ್ಲದಿದ್ದರೆ ನಾಡಿನ ರೋಗಿಗಳೆಲ್ಲ ಬೆಂಗಳೂರಿನ ತಲೆಗೆ ಬೀಳುವರು. ಆದರೆ ಹಾಸನ ಸೀಮೆಯ ಹೊಳೆನರಸೀಪುರದಿಂದ ಶಸ್ತ್ರಚಿಕಿತ್ಸೆಗೆಂದು ಹೋದವನು ಬೆಂಗಳೂರಿನ ಆಸ್ಪತ್ರೆಯ ಪುಸ್ತಕದಲ್ಲಿ ಇರುವನು, ನಗರದ ಲೆಕ್ಕದಲ್ಲಿ ಇರನು.

ಹಾಸನ ಸೀಮೆಯ ರೋಗಿಗಳು ದಾರಿ ಹಿಡಿಯುವ ರೀತಿಯೇ ಲೆಕ್ಕಿಗನಿಗೆ ಕಷ್ಟ ಕೊಡುವಂಥದು. ಚನ್ನರಾಯಪಟ್ಟಣದವರಿಗೆ ಹೆದ್ದಾರಿಯ ಬೆಂಗಳೂರು ಸಲೀಸು. ಹೊಳೆನರಸೀಪುರ, ಅರಕಲಗೂಡಿನವರಿಗೆ ಮೈಸೂರು. ಶಿರಾಡಿ ಘಾಟಿಯಿಳಿದು ಮಂಗಳೂರಿಗೆ ಹೋಗುವವರೂ ಉಂಟು. 2006ರಲ್ಲಿ ಹಾಸನದಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜು ಆದಮೇಲೂ ಈ ಚದುರಾಟ ನಿಂತಿಲ್ಲ. ತಂಬಾಕಿನ ಪ್ರಶ್ನೆಗೆ ಉತ್ತರ ಹುಡುಕುವವನು, ರಾಮನಾಥಪುರದಲ್ಲಿ ಹರಾಜುಕಟ್ಟೆಯುಳ್ಳ ಅರಕಲಗೂಡು ತಾಲ್ಲೂಕಿನ ಬೆಳೆಗಾರರನ್ನೂ ತೆಂಗಿನ ಸೀಮೆಯ ಚನ್ನರಾಯಪಟ್ಟಣದವರನ್ನೂ ಹೋಲಿಸಬೇಕೆಂದರೆ, ಮೂರು ನಗರಗಳ ಕಡತಗಳನ್ನು ಊರಿನ ಹೆಸರು ಹಿಡಿದು ಮತ್ತೆ ಕೂಡಿಸಬೇಕು. 2018ರಿಂದ ನಡೆದಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಿಲ್ಲುಗಳು ಇದಕ್ಕೆ ಒದಗಿಯಾವು ಎನ್ನುವವರಿದ್ದಾರೆ. ಅವು ಹಣ ಯಾತಕ್ಕೆ ಸಂದಿತೆಂದು ಹೇಳಬಲ್ಲವು, ರೋಗಿ ಇಪ್ಪತ್ತು ವರ್ಷ ಏನುಂಡನೆಂದು ಹೇಳಲಾರವು.

ಇದಕ್ಕೂ ಮೊದಲಿನ ತೊಡಕು ಭಾಷೆಯದು. ನಮ್ಮಲ್ಲಿ ಹೊಟ್ಟೆಯ ನೋವೆಲ್ಲ ಮೊದಲಿಗೆ ‘ಗ್ಯಾಸ್ಟ್ರಿಕ್ಕು’. ಅದು ಮಾತ್ರೆಗೆ ಬಗ್ಗದಿದ್ದರೆ, ಇಲಿಯಮ್ಮಿನ ತುದಿಯಲ್ಲಿ ದಪ್ಪವಾದದ್ದು ಕಂಡರೆ, ಕರುಳಿನ ಟಿ.ಬಿ.ಯೋ ಎಂಬ ನ್ಯಾಯವಾದ ಅನುಮಾನ, ಏಕೆಂದರೆ ಟಿ.ಬಿ., ಕ್ರೋನ್, ಕ್ಯಾನ್ಸರ್ ಮೂರೂ ಅಲ್ಲಿ ಒಂದೇ ವೇಷ ಹಾಕುವುವು. ಅರಕಲಗೂಡಿನ ಕಡೆಯ ಬಸ್ಸಿಳಿದು ಬಂದ ರೋಗಿಯ ಪ್ಲಾಸ್ಟಿಕ್ ಕವರಿನಲ್ಲಿ ಸ್ಕ್ಯಾನಿನ ಫಿಲಮು, ರಕ್ತದ ಚೀಟಿ, ರೇಷನ್ ಕಾರ್ಡಿನ ಜೆರಾಕ್ಸು ಎಲ್ಲವೂ ಇದ್ದು, ಬಯಾಪ್ಸಿಯ ವರದಿಯೊಂದೇ ಊರಿನಲ್ಲಿ ಉಳಿದಿರುವುದುಂಟು. ರೋಗಗಳ ಅಂತರರಾಷ್ಟ್ರೀಯ ಸಂಕೇತದಲ್ಲಿ ಸಣ್ಣ ಕರುಳಿಗೆ ಸಿ 17, ದೊಡ್ಡ ಕರುಳಿಗೆ ಸಿ 18. ಯಾವ ಕರುಳೆಂದು ತಿಳಿಯದಿದ್ದರೆ ಸಿ 26. ನೋಂದಣಿಯ ಗುಮಾಸ್ತೆ, “ಯಾವ ಕರುಳು ಅಂತ ಡಾಕ್ಟ್ರು ಏನಾದ್ರೂ ಹೇಳಿದ್ರಾ ಅಜ್ಜಿ?” ಎಂದು ಕೇಳಿದರೆ, “ಅದೇನೋ ಗೊತ್ತಿಲ್ಲ ಕಣವ್ವ, ಒಂದು ಗೇಣು ಕುಯ್ದು ತೆಗುದ್ರಂತೆ” ಎಂಬ ಬಗೆಯ ಉತ್ತರ ಬಂದೀತು; ವರದಿ ಊರಿನಿಂದ ಬಾರದಿದ್ದರೆ ಅವಳು ಬರೆಯಬಹುದಾದದ್ದು ಸಿ 26 ಒಂದೇ.