ಕೆಂಪಾಪುರದ ಕಲ್ಲೂ ಲಂಡನ್ನಿನ ಚಿತ್ರವೂ

ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಕಲ್ಲಿನ ಗೋಪುರವೊಂದಿದೆ. ಅದರ ಮೇಲಣ ಶಾಸನವನ್ನೋದಿ, ಹಿರಿಯ ಕೆಂಪೇಗೌಡರು ಐಕ್ಯವಾದ ಸ್ಥಳ ಅದೇ ಎಂದು ಸಂಶೋಧಕರು ಗುರುತಿಸಿದುದು 2015ರಲ್ಲಿ. 1537ರಲ್ಲಿ ಬೆಂಗಳೂರಿಗೆ ಕೋಟೆ ಕಟ್ಟಿದರೆಂದು ನಾವೆಲ್ಲ ಕೊಂಡಾಡುವ ಮಹನೀಯರ ಸಮಾಧಿಯ ಸುದ್ದಿ, ಅವರೇ ಕಟ್ಟಿದ ನಗರಕ್ಕೆ ಅಷ್ಟು ತಡವಾಗಿ ತಲುಪಿತು! ಕಲ್ಲು ಹೇಳುವ ಮಾತನ್ನು ಚರಿತ್ರೆಯ ಉಳಿದ ಸಂಗತಿಗಳೊಡನೆ ಜೋಡಿಸಿ ನೋಡುವ ಕೆಲಸ ನಡೆದಿರಲಿಲ್ಲವೆಂಬುದೇ ಇದಕ್ಕೆ ಕಾರಣ.

ಈ ಮನೆತನದ ಕುರುಹುಗಳು ಹತ್ತು ದಿಕ್ಕಿಗೆ ಚೆದರಿವೆ. ಗೌಡರ ಲೋಹಪ್ರತಿಮೆ ಶಿವಗಂಗೆಯ ಗಂಗಾಧರೇಶ್ವರನ ಗುಡಿಯಲ್ಲಿದೆ. ಮಾಗಡಿ ಸೀಮೆಯ ಶಾಸನಗಳು ರೈಸ್ ಸಾಹೇಬರು 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿವೆ. ಮನೆತನದ ಬಲವಾದ ನೆಲೆಯಾಗಿದ್ದ ಸಾವನದುರ್ಗವು 1728ರಲ್ಲಿ ಮೈಸೂರಿನ ವಶವಾಯಿತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಟಿಪ್ಪುವಿನಿಂದ ಕಿತ್ತುಕೊಂಡಿತು. ಆ ಸೈನ್ಯದೊಡನೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ದುರ್ಗದ ಚಿತ್ರ ಬರೆದ; 1794ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ಇಂಥ ಚಿತ್ರಗಳನ್ನು ಈಗ ಅಂತರಜಾಲದಲ್ಲಿ ಮನೆಯಲ್ಲಿ ಕುಳಿತೇ ನೋಡಬಹುದು.

ಆದರೆ ಹುಡುಕುವ ಬಗೆ ಹೇಗೆ? ಆಂಗ್ಲರು ಸಾವನದುರ್ಗವನ್ನು ‘ಸ್ಯಾವೆನ್‌ಡ್ರೂಗ್’ ಎಂದು ಬರೆದರು. ಕೊಂಕಣ ತೀರದ ಸುವರ್ಣದುರ್ಗ ಅವರ ಬಾಯಲ್ಲಿ ‘ಸೆವರ್ನ್‌ಡ್ರೂಗ್’ ಆಯಿತು. 1755ರಲ್ಲಿ ಆ ಜಲದುರ್ಗವನ್ನು ಗೆದ್ದ ವಿಲಿಯಂ ಜೇಮ್ಸನ ನೆನಪಿಗೆ 1784ರಲ್ಲಿ ಲಂಡನ್ನಿನ ಗುಡ್ಡವೊಂದರ ಮೇಲೆ ಕಟ್ಟಿದ ಗೋಪುರಕ್ಕೂ ಇದೇ ಹೆಸರು. ಅಕ್ಷರದ ಹೋಲಿಕೆಯನ್ನೇ ನಂಬಿದ ಯಂತ್ರವು ಮಾಗಡಿಯ ಬಂಡೆಯನ್ನು ಸಮುದ್ರಕ್ಕೆ ಸಾಗಿಸಿಬಿಟ್ಟರೆ ಆಶ್ಚರ್ಯವೇನು? ನಮ್ಮಲ್ಲಿಯೂ ತೊಡಕು ಕಡಿಮೆಯಿಲ್ಲ. ಕೆಂಪೇಗೌಡರೆಂಬ ಹೆಸರು ಒಬ್ಬರದಲ್ಲ. ಬೆಂಗಳೂರಿನ ಹೆಬ್ಬಾಳದ ಬಳಿ ಇನ್ನೊಂದು ಕೆಂಪಾಪುರವೂ ಇದೆ.

ಇದಕ್ಕೆ ಸಂಗ್ರಹಾಲಯದವರು ಕಂಡುಕೊಂಡ ಉಪಾಯ ಸರಳವಾದುದು. ಪ್ರತಿಯೊಬ್ಬ ವ್ಯಕ್ತಿಗೂ ಪ್ರತಿಯೊಂದು ಸ್ಥಳಕ್ಕೂ ಬದಲಾಗದ ಒಂದು ಸಂಖ್ಯೆ ಕೊಡುವುದು. ಸ್ಥಳವಾದರೆ ಅದರ ಅಕ್ಷಾಂಶ ರೇಖಾಂಶಗಳನ್ನೂ ಸೇರಿಸುವುದು. 2012ರಲ್ಲಿ ಆರಂಭವಾದ ವಿಕಿಡೇಟಾ ನಡೆಯುವುದು ಹೀಗೆಯೇ. ಹೆಸರು ಕನ್ನಡದಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಸಂಖ್ಯೆ ಒಂದೇ. ಚಿತ್ರ, ಶಾಸನ, ಪ್ರತಿಮೆ ಇವೆಲ್ಲಕ್ಕೂ ಆಯಾ ಸಂಸ್ಥೆಯವರು ಆ ಸಂಖ್ಯೆಯನ್ನು ನಮೂದಿಸಿದರೆ, ಒಂದನ್ನು ಕಂಡವನಿಗೆ ಉಳಿದವುಗಳ ದಾರಿಯೂ ತೆರೆಯುವುದು.

ಯಂತ್ರ ಜೋಡಿಸಬಲ್ಲುದು, ಯಾವ ಕೆಂಪೇಗೌಡರು, ಯಾವ ದುರ್ಗ ಎಂಬುದನ್ನು ಬಲ್ಲವರೇ ನಿರ್ಣಯಿಸಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿಯು ಸುತ್ತಣ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸಿ ಉಳಿಸುತ್ತಿರುವುದು ಶ್ಲಾಘ್ಯವಾದ ಕಾರ್ಯ. ಹಾಗೆ ಉಳಿದ ಶಾಸನಗಳಿಗೆಲ್ಲ ಊರಿನ, ಅರಸರ ಸರಿಯಾದ ಗುರುತನ್ನು ಕೂಡಿಸುವುದು ಮುಂದಿನ ಹೆಜ್ಜೆ. ಆಗ ಲಂಡನ್ನಿನ ಚಿತ್ರದಲ್ಲಿ ಸಾವನದುರ್ಗವನ್ನು ಕಂಡ ವಿದ್ಯಾರ್ಥಿಯೊಬ್ಬನು ಅದೇ ತಾಲ್ಲೂಕಿನ ಕೆಂಪಾಪುರದ ಸಮಾಧಿಯನ್ನೂ ತಿಳಿದು, ಮುಂದಿನ ಭಾನುವಾರ ಬಸ್ಸು ಹತ್ತಿ ಅಲ್ಲಿಗೇ ಹೋಗಿ ನೋಡಿಯಾನು.