ಕಂಬಿಯ ಹಿಂದಿನಿಂದ ಬಂದ ಕಾಗದಗಳು

ಪೌಲನ ಹೆಸರಿನಲ್ಲಿರುವ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಒಂದು ಸಣ್ಣ ಬೇಡಿಕೆ ಇದೆ. ತ್ರೋವ ಎಂಬ ಊರಿನಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತಂದುಕೊಡಬೇಕು, ಚಳಿಗಾಲಕ್ಕೆ ಮೊದಲೇ ಬರಬೇಕು ಎಂದು ಸೆರೆಯಲ್ಲಿರುವ ಮುದುಕ ಕೇಳಿಕೊಳ್ಳುತ್ತಾನೆ. ಸಾವು ಹತ್ತಿರವಾಯಿತೆಂದು ಅದೇ ಪತ್ರದಲ್ಲಿ ಬರೆದವನಿಗೆ ಚಳಿಯ ಚಿಂತೆಯೂ ಇದೆ, ಓದುವ ಹಂಬಲವೂ ಇದೆ. ಎರಡು ಸಾವಿರ ವರ್ಷಗಳ ಕ್ರೈಸ್ತ ಸೆರೆಮನೆ ಬರವಣಿಗೆಯ ಜೀವಾಳ ಇಲ್ಲಿಯೇ ಮೊಳೆತಿದೆ ಎಂದು ನನಗನ್ನಿಸುತ್ತದೆ. 'ನನಗೇ ಯಾಕೆ ಈ ಕಷ್ಟ' ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುವುದು ಅಪರೂಪ. ಸಿಗುವುದು, ಹೊರಗಿರುವ ಯಾರನ್ನೋ ಹೆಸರು ಹಿಡಿದು ಕರೆಯುವ ದನಿ.

ಈ ಸಾಲಿನಲ್ಲಿ ನನಗೆ ತುಂಬ ಪ್ರಿಯವಾದದ್ದು ಪೆರ್ಪೆತುವಾಳ ದಿನಚರಿ. 203ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಸೆರೆಸಿಕ್ಕಾಗ ಅವಳಿಗೆ ಸುಮಾರು 22ರ ಪ್ರಾಯ, ಮೊಲೆ ಕುಡಿಯುವ ಕೂಸು ಬೇರೆ. ಕ್ರೈಸ್ತ ಹೆಣ್ಣೊಬ್ಬಳು ತಾನೇ ಬರೆದ ಅತಿ ಹಳೆಯ ಬರಹಗಳಲ್ಲಿ ಇದೊಂದು. ಕತ್ತಲೆ, ಸೆಕೆ, ಸಿಪಾಯಿಗಳ ಕಾಟ ಎಲ್ಲವನ್ನೂ ಹೇಳುತ್ತಾಳೆ. ಹಸಿದು ಸೊರಗಿದ ಮಗುವನ್ನು ಬಳಿಯಲ್ಲೇ ಇಟ್ಟುಕೊಳ್ಳಲು ಅಪ್ಪಣೆ ಸಿಕ್ಕಿದ ದಿನ ಸೆರೆಮನೆಯೇ ಅರಮನೆಯಂತಾಯಿತು ಎನ್ನುತ್ತಾಳೆ. ತಲೆ ನರೆತ ತಂದೆ ಬಂದು ಅವಳ ಕೈಗೆ ಮುತ್ತಿಟ್ಟು, ಕಾಲಿಗೆ ಬಿದ್ದು, ನಂಬಿಕೆ ಬಿಟ್ಟುಬಿಡೆಂದು ಅಂಗಲಾಚುತ್ತಾನೆ. ಅವಳು ಬಿಡುವುದಿಲ್ಲ. ಆದರೆ ಅವನ ಮುಪ್ಪಿಗಾಗಿ ಮರುಗಿದ್ದನ್ನು ಮುಚ್ಚಿಡುವುದೂ ಇಲ್ಲ. ಆಮೇಲೆ ಬೇರೆಯವರು ಬರೆದ ಹುತಾತ್ಮರ ಕಥೆಗಳಲ್ಲಿ ನೋವೇ ತಟ್ಟದ ವೀರರು ಹೆಚ್ಚು. ಪೆರ್ಪೆತುವಾಳ ಎದೆಹಾಲು ಆ ಕಥೆಗಳಲ್ಲಿ ಬತ್ತಿಹೋಯಿತು.

ಮುಂದೆ ಈ ಬರವಣಿಗೆ ಒಳಮುಖವಾಯಿತು. 1577ರ ಡಿಸೆಂಬರಿನಲ್ಲಿ ಸ್ಪೇನಿನ ಶಿಲುಬೆಯ ಯೋಹಾನನನ್ನು ಅವನದೇ ಕಾರ್ಮೆಲ್ ಸಭೆಯ ಸನ್ಯಾಸಿಗಳು ಹಿಡಿದೊಯ್ದು ತೊಲೆದೊ ನಗರದ ಮಠದಲ್ಲಿ ಕೂಡಿಹಾಕಿದರು. ಸಭೆಯನ್ನು ಸುಧಾರಿಸಲು ಹೊರಟದ್ದೇ ತಪ್ಪಾಗಿತ್ತು. ಮರುವರ್ಷದ ಆಗಸ್ಟಿನಲ್ಲಿ ತಪ್ಪಿಸಿಕೊಳ್ಳುವವರೆಗೆ ಇದ್ದದ್ದು ಗಾಳಿ ಬೆಳಕಿಲ್ಲದ ಕಿರುಕೋಣೆ. ಅಲ್ಲಿ ಹುಟ್ಟಿದ್ದು ದೇವರನ್ನು ನಲ್ಲನೆಂದು ಅರಸುವ ಪದ್ಯಗಳು. ಅಕ್ಕಮಹಾದೇವಿಯನ್ನು ಓದಿದವರಿಗೆ ಆ ವಿರಹ ಅಪರಿಚಿತವಲ್ಲ.

ಇಂಗ್ಲೆಂಡಿನ ಜಾನ್ ಬನ್ಯನ್ ಈ ಬರವಣಿಗೆಯನ್ನು ಮತ್ತೆ ಬೀದಿಗೆ ತಂದ. ಪಾತ್ರೆ ರಿಪೇರಿ ಮಾಡುವ ಕಸುಬಿನವನು. ಅನುಮತಿಯಿಲ್ಲದೆ ಬೋಧನೆ ಮಾಡಿದ್ದಕ್ಕೆ 1660ರಲ್ಲಿ ಬೆಡ್‌ಫರ್ಡ್ ಜೈಲು ಸೇರಿದ. ಇನ್ನು ಬೋಧಿಸುವುದಿಲ್ಲ ಎಂದು ಮಾತು ಕೊಟ್ಟಿದ್ದರೆ ಮನೆಗೆ ಹೋಗಬಹುದಿತ್ತು. ಕೊಡದೆ 12 ವರ್ಷ ಒಳಗಿದ್ದ. ಬೂಟಿನ ಲೇಸುಗಳನ್ನು ಮಾಡಿ ಮಾರಿ ಸಂಸಾರ ಸಾಕಿದ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕಣ್ಣಿಲ್ಲದ ಮಗಳ ನೆನಪು. 1678ರಲ್ಲಿ ಅಚ್ಚಾದ ಅವನ ಕೃತಿಯಲ್ಲಿ ಬೆನ್ನ ಮೇಲೆ ಹೊರೆ ಹೊತ್ತವನೊಬ್ಬ ಕೆಸರು, ಬೆಟ್ಟ, ಸೆರೆ ದಾಟುತ್ತ ನಡೆಯುತ್ತಾನೆ. ಬಾಸೆಲ್ ಮಿಷನ್ನಿನವರ ಕಾಲದಲ್ಲಿ, 19ನೆಯ ಶತಮಾನದಲ್ಲೇ, ಅದು 'ಯಾತ್ರಿಕನ ಸಂಚಾರ'ವಾಗಿ ಕನ್ನಡಕ್ಕೂ ಬಂತು.

ದೊಡ್ಡ ತಿರುವು ಬಂದದ್ದು ಬರ್ಲಿನ್ನಿನ ಟೇಗೆಲ್ ಜೈಲಿನಿಂದ. ಪಾದ್ರಿ ಡೀಟ್ರಿಚ್ ಬೋನ್‌ಹೋಫರ್ 1939ರಲ್ಲಿ ಅಮೆರಿಕದಲ್ಲೇ ಸುರಕ್ಷಿತವಾಗಿ ಉಳಿಯಬಹುದಿತ್ತು. ಕೆಲವೇ ವಾರಗಳಲ್ಲಿ ಹಿಟ್ಲರನ ಜರ್ಮನಿಗೆ ಮರಳಿದ. 1943ರ ಏಪ್ರಿಲ್ 5ರಂದು ಬಂಧನ. ಗೆಳೆಯ ಬೆತ್‌ಗೆಗೆ ಕಳ್ಳದಾರಿಯಲ್ಲಿ ಸಾಗಿಸಿದ ಕಾಗದಗಳಲ್ಲಿ ಅವನು ಹಳೆಯ ಸಮಾಧಾನಗಳನ್ನು ಒಂದೊಂದಾಗಿ ಪಕ್ಕಕ್ಕಿಡುತ್ತಾನೆ. ಕಷ್ಟ ಬಂದಾಗ ಮಾತ್ರ ಕೂಗಿ ಕರೆಯುವ, ಬಂದು ಎತ್ತಿಕೊಂಡು ಹೋಗುವ ದೇವರು ಅವನಿಗೆ ಸಾಲದು. ಶಿಲುಬೆಯ ಮೇಲೆ ಬಲಹೀನನಾಗಿ ನೋಯುವ ದೇವರೇ ಮನುಷ್ಯನಿಗೆ ನೆರವಾಗಬಲ್ಲ, ಆ ನೋವಿನಲ್ಲಿ ಪಾಲು ಪಡೆಯುವುದೇ ಭಕ್ತಿ ಎನ್ನುತ್ತಾನೆ. 1944ರ ಜುಲೈ ತಿಂಗಳಿನ ಆ ಪುಟಗಳನ್ನು ಓದುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು, ವಯಸ್ಸು 39. ಕಷ್ಟವೆಂದರೆ ದೇವರು ಕೊಟ್ಟ ಪಾಠ ಎಂದು ಸುಲಭವಾಗಿ ಹೇಳುವುದು ಆ ಕಾಗದಗಳ ನಂತರ ಕಷ್ಟವಾಯಿತು, ಆಗಬೇಕಾದದ್ದೇ.

ತಾಳಿಕೊಳ್ಳಿ ಎಂಬ ಉಪದೇಶವೂ ಬಲವಿಲ್ಲದವರ ಮೇಲೆ ಹೇರುವ ಹೊರೆಯಾಗಬಲ್ಲದು. 1963ರ ಏಪ್ರಿಲಿನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಲ್ಲಿದ್ದ ಮಾರ್ಟಿನ್ ಲೂಥರ್ ಕಿಂಗ್‌ಗೆ ಎಂಟು ಮಂದಿ ಬಿಳಿಯ ಧರ್ಮಗುರುಗಳು ಕೊಟ್ಟ ಬುದ್ಧಿವಾದ ಅದೇ ಬಗೆಯದು. ಪತ್ರಿಕೆಯ ಅಂಚುಗಳಲ್ಲಿ ಬರೆಯತೊಡಗಿದ ಉತ್ತರದಲ್ಲಿ ಅವರು ಪೌಲನನ್ನೂ ಬನ್ಯನ್‌ನನ್ನೂ ಸಾಕ್ಷಿಗೆ ಕರೆದರು. ನಂಬಿಕೆ ಕೊಡುವ ಬಲ ಇಲ್ಲಿ ಅನ್ಯಾಯವನ್ನು ಎದುರಿಸುವ ಬಲವೂ ಆಯಿತು.

ಈ ಸಾಲು ನಮ್ಮ ಕಾಲಕ್ಕೂ ಬಂದಿದೆ. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದ, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ದುಡಿದ ಜೆಸ್ವಿತ್ ಪಾದ್ರಿ ಸ್ಟ್ಯಾನ್ ಸ್ವಾಮಿಯವರನ್ನು 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಬಂಧಿಸಿದರು. ತಮ್ಮ ಮೇಲಿನ ಆರೋಪಗಳನ್ನು ಅವರು ಅಲ್ಲಗಳೆದಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದೆ ಸಿಪ್ಪರ್ ಕಪ್ಪು ಕೇಳಬೇಕಾಯಿತು. ವಿಚಾರಣೆ ಶುರುವಾಗುವ ಮೊದಲೇ, 2021ರ ಜುಲೈ 5ರಂದು ತೀರಿಕೊಂಡರು. ತಲೋಜಾ ಜೈಲಿನಿಂದ ಅವರು ಬರೆದ ಕಾಗದಗಳಲ್ಲಿ ತಮ್ಮ ಕಷ್ಟದ ಮಾತು ಕಡಿಮೆ. ತುತ್ತು ಉಣ್ಣಿಸುವ, ಸ್ನಾನ ಮಾಡಿಸುವ, ಬಟ್ಟೆ ಒಗೆದುಕೊಡುವ ಜೊತೆಯ ಕೈದಿಗಳ ಮಾತೇ ಹೆಚ್ಚು.