ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೋರಿಕೆ

ಎಂಜಿನ್ನಿನ ಸಿಲಿಂಡರ್‌ಗಳು ಹೊರಹಾಕುವ ಸುಟ್ಟ ಅನಿಲವನ್ನು ಒಂದುಗೂಡಿಸಿ ಸೈಲೆನ್ಸರ್ ಕಡೆಗೆ ಒಯ್ಯುವ ಕೊಳವೆಗುಚ್ಛ ಬಿರುಕು ಬಿಟ್ಟೋ, ಗ್ಯಾಸ್ಕೆಟ್ ಸುಟ್ಟೋ, ಸ್ಟಡ್ ಮುರಿದೋ ಉಂಟಾಗುವ ದೋಷ. ಸ್ಪೋರ್ಟ್ಸ್ ಕಾರುಗಳಲ್ಲಿ ಇದರ ಪ್ರಸಿದ್ಧ ನಿದರ್ಶನ 1994ರಿಂದ 1999ರವರೆಗೆ ತಯಾರಾದ ಇಟಲಿಯ ಫೆರಾರಿ ಎಫ್355. ಅದರ 3.5 ಲೀಟರ್ ವಿ8 ಎಂಜಿನ್ನಿನ ಉಕ್ಕಿನ ಕೊಳವೆಗಳು ಶಾಖ ತಡೆಯುವ ಕವಚದೊಳಗೆ ಹುದುಗಿವೆ. ಕಾವು ಹೊರಹೋಗದೆ ಲೋಹ ಸೊರಗುತ್ತದೆ, ಬಿರುಕು ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ತಪಾಸಣೆಗೆ ತಣ್ಣಗಿರುವ ಎಂಜಿನ್ನೇ ಸರಿ. ಆಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು ಕೇಳುತ್ತದೆ. ಕಾದ ಲೋಹ ಹಿಗ್ಗಿ ಸಂದು ಮುಚ್ಚಿದರೆ ಅಡಗುತ್ತದೆ. ಕೊಳವೆಗಳು ಎಂಜಿನ್ನಿಗೆ ಕೂಡುವ ಫ್ಲೇಂಜಿನ ಅಂಚಿನಲ್ಲಿ ಬೀಸಣಿಗೆಯಂತೆ ಹರಡಿದ ಕಪ್ಪು ಮಸಿ ಸೋರುವ ಜಾಗವನ್ನೇ ತೋರಿಸುತ್ತದೆ. ಮಸಿ ಕಾಣದಿದ್ದರೆ ಪೈಪಿನೊಳಗೆ ಹೊಗೆ ತುಂಬಿ ನೋಡಬೇಕು.

ತಾನಾಗಿ ಅಡಗುವ ಸದ್ದು ನಿರಪಾಯ ಎಂಬ ವಾದವುಂಟು. ಅದು ನಿಲ್ಲದು: ಅನಿಲದ ಒತ್ತಡ ಏರಿಳಿಯುವಾಗ ಹೊರಗಾಳಿ ಒಳಸೇರಿ, ಆಕ್ಸಿಜನ್ ಸೆನ್ಸರ್ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಿದೆಯೆಂದು ತಪ್ಪು ಸೂಚನೆ ಕೊಡುತ್ತದೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಅತಿಯಾಗಿ ಕಾಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಕ್ಯಾಬಿನ್ನಿಗೆ ನುಗ್ಗುವ ಅಪಾಯವಂತೂ ಸಣ್ಣದಲ್ಲ. ಬಿರುಕಿಗೆ ವೆಲ್ಡಿಂಗ್ ಅಗ್ಗದ ದಾರಿ, ನಿಜ; ಆದರೆ ಕಾವಿನಿಂದ ಬಳಲಿದ ಲೋಹ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರಿಯುವುದುಂಟು. ಹಾಗಾಗಿ ಎಫ್355ಕ್ಕೆ ಹೊಸ ಮ್ಯಾನಿಫೋಲ್ಡ್ ಹಾಕುವುದೇ ಬಾಳಿಕೆಯ ರಿಪೇರಿ. ಗ್ಯಾಸ್ಕೆಟ್ ಮಾತ್ರ ಕೆಟ್ಟಿದ್ದರೂ ಫ್ಲೇಂಜಿನ ಮೇಲೆ ಉಕ್ಕಿನ ಪಟ್ಟಿಯಿಟ್ಟು ಡೊಂಕು ಪರೀಕ್ಷಿಸಿ, ಅಗತ್ಯವಿದ್ದರೆ ಮಟ್ಟಮಾಡಿ, ನಟ್‌ಗಳನ್ನು ನಡುವಿನಿಂದ ಹೊರಕ್ಕೆ ಹಂತಹಂತವಾಗಿ, ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿಯಬೇಕು.